ಹಿತ್ತಲ ಗಿಡ, ಪ್ರಯೋಗಾಲಯದ ಹತಾರ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಮ್ಮವರು ಬಳಸುವುದು ಕೊರಗಿಗೆ: ಕೈಗೆ ಸಿಗುವುದಕ್ಕೆ ಬೆಲೆಯಿಲ್ಲ, ದೂರದಿಂದ ಬಂದದ್ದಕ್ಕೇ ಮರ್ಯಾದೆ ಎಂದು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಒಂದರ ಹಿಂದೊಂದು ಸಂಶೋಧನಾ ಪ್ರಬಂಧಗಳು ಹೊರಟವು. ಗೋಡಂಬಿ ಸಿಪ್ಪೆಯ ಎಣ್ಣೆ, ಮುರುಗಲು ಹಣ್ಣಿನ ಸಿಪ್ಪೆ, ಅರಿಶಿನ, ಚಿತ್ರಮೂಲದ ಬೇರು ಇವುಗಳಲ್ಲಿರುವ ಒಂದೊಂದು ರಾಸಾಯನಿಕವೂ ಜೀವಕೋಶದಲ್ಲಿ ವಂಶವಾಹಿಗಳು ಕೆಲಸಕ್ಕಿಳಿಯದಂತೆ ತಡೆಯಬಲ್ಲದು ಎಂದು ಅವು ತೋರಿಸಿದವು. ಇಂಥ ಸುದ್ದಿಯನ್ನು ನಾವು ಓದಿಕೊಳ್ಳುವ ರೀತಿ ಮೊದಲೇ ತೀರ್ಮಾನವಾಗಿರುತ್ತದೆ. ಅಜ್ಜಿ ಹೇಳಿದ್ದೇ ನಿಜವಾಯಿತು, ವಿಜ್ಞಾನ ಈಗ ತಲೆಬಾಗಿತು, ಗಾದೆ ಸುಳ್ಳಾಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನಂಥ ಊರಿನಲ್ಲಿ ಈ ಓದು ಇನ್ನೂ ಸಲೀಸು. ಅರಿಶಿನವಿಲ್ಲದ ಮನೆ ಅಲ್ಲಿಲ್ಲ, ಮುರುಗಲೂ ಗೋಡಂಬಿಯೂ ಘಟ್ಟದ ಕಡೆಯಿಂದ ಅಂಗಡಿಗೆ ಬಂದು ಬಿದ್ದಿರುತ್ತವೆ. ಆದರೆ ಆ ಪ್ರಬಂಧಗಳನ್ನು ಬರೆದ ಕ್ರಮದಲ್ಲೇ ಇಟ್ಟು, ಅವಕ್ಕೂ ಹಿಂದೆ ಅರವತ್ತು ವರ್ಷ ಏನು ನಡೆದಿತ್ತು ಎಂದು ನೋಡಿದರೆ ಬೇರೆಯೇ ಚರಿತ್ರೆ ಕಾಣುತ್ತದೆ. ಅದು ಮದ್ದಿನ ಚರಿತ್ರೆಯಲ್ಲ, ಹತಾರದ ಚರಿತ್ರೆ. ಜೀವಕೋಶವನ್ನು ಬಿಚ್ಚಿ ನೋಡುವವರಿಗೆ ಒಂದು ಉಪಕರಣ ಬೇಕಾಗಿತ್ತು. ಅದರ ಹುಡುಕಾಟದಲ್ಲಿ ಗಿಡಗಳು ಸಿಕ್ಕವು, ಉಪಕರಣ ಹರಿತವಾಗುತ್ತ ಹೋದಂತೆ ಗಿಡಗಳು ಹಿಂದೆ ಸರಿದವು. ಈ ಮಾತನ್ನು ಸಮರ್ಥಿಸುವುದಕ್ಕೆ ಮುಂಚೆ ಆ ಉಪಕರಣದ ಕೆಲಸವೇನು ಎಂದು ಹೇಳಬೇಕು.

ಅದಕ್ಕೆ ಬಾಗೂರಿನ ನೀರಾವರಿಯೇ ಒಳ್ಳೆಯ ಹೋಲಿಕೆ. ಬಾಗೂರು ತೆಂಗು, ರಾಗಿಯ ಸೀಮೆ. ಗೊರೂರಿನಲ್ಲಿ ತಡೆದ ಹೇಮಾವತಿಯ ನೀರು ನಾಲೆಯಲ್ಲಿ ಇಲ್ಲಿಗೆ ಬಂದು ಬಾಗೂರು–ನವಿಲೆ ಸುರಂಗ ಹೊಕ್ಕು, ಸುಮಾರು ಹತ್ತು ಕಿಲೋಮೀಟರ್ ನೆಲದಡಿ ಹರಿದು ತುಮಕೂರು ಜಿಲ್ಲೆಯ ಕಡೆಗೆ ಹೋಗುತ್ತದೆ. ನಾಲೆ ಬರುವುದಕ್ಕೆ ನೂರಾರು ವರ್ಷ ಮುಂಚಿನಿಂದ ಈ ಸೀಮೆಯನ್ನು ಸಾಕಿದ್ದು ಕೆರೆಗಳು. ಕೆರೆ ತುಂಬಿದೆ ಎಂದ ಮಾತ್ರಕ್ಕೆ ಗದ್ದೆಗೆ ನೀರು ಬರುವುದಿಲ್ಲ, ನೀರುಗಂಟಿ ತೂಬು ಎತ್ತಬೇಕು. ಯಾವ ತೂಬು, ಎಷ್ಟು ಹೊತ್ತು, ಯಾರ ಗದ್ದೆಗೆ ಮೊದಲು ಎಂಬುದೆಲ್ಲ ಅವನ ಕೈಯಲ್ಲಿ. ಜೀವಕೋಶದಲ್ಲಿ ಡಿಎನ್‌ಎ ಎಂಬುದು ತುಂಬಿದ ಕೆರೆ ಎಂದುಕೊಳ್ಳಿ. ಅದರಲ್ಲಿರುವ ಸಾವಿರಾರು ವಂಶವಾಹಿಗಳಲ್ಲಿ ಯಾವುದು ಯಾವಾಗ ನಕಲಾಗಿ ಆರ್‌ಎನ್‌ಎ ಆಗಬೇಕು ಎಂದು ನಿರ್ಧರಿಸುವ ಪ್ರೋಟೀನುಗಳೇ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರುಗಳು. ಮನುಷ್ಯನಲ್ಲಿ ಇಂಥ ನೀರುಗಂಟಿಗಳು ಸುಮಾರು 1600. ಯಕೃತ್ತಿನ ಕೋಶವೂ ಮಿದುಳಿನ ಕೋಶವೂ ಒಂದೇ ಡಿಎನ್‌ಎ ಇಟ್ಟುಕೊಂಡು ಬೇರೆಬೇರೆಯಾಗಿರುವುದು ಅವುಗಳಿಂದ. ಹೋಲಿಕೆಯನ್ನು ಇನ್ನೊಂದು ಹೆಜ್ಜೆ ಎಳೆಯಬಹುದು. ಡಿಎನ್‌ಎ ಬರಿಮೈಯಲ್ಲಿ ಇರುವುದಿಲ್ಲ. ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಬಿಗಿಯಾಗಿ ಸುತ್ತಿಕೊಂಡು ಕ್ರೊಮ್ಯಾಟಿನ್ ಆಗಿರುತ್ತದೆ. ಹಾಗಾಗಿ ನೀರುಗಂಟಿ ಒಬ್ಬನೇ ಬಂದರೆ ಸಾಲದು, ಕಾಲುವೆಯ ಹೂಳು ಬಿಡಿಸುವ ಆಳು ಜೊತೆಗಿರಬೇಕು. ಆ ಆಳುಗಳಲ್ಲಿ ಮುಖ್ಯವಾದದ್ದು ಪಿ300 ಎಂಬ ಕಿಣ್ವ. ಅದು ಹಿಸ್ಟೋನಿಗೆ ಅಸಿಟೈಲ್ ಗುಂಪನ್ನು ಅಂಟಿಸಿ ಸುತ್ತು ಸಡಿಲಿಸುತ್ತದೆ. ಪಿ53, ಎನ್‌ಎಫ್-ಕಪ್ಪಾ-ಬಿಯಂಥ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರುಗಳಿಗೂ ಅಸಿಟೈಲ್ ಅಂಟಿಸಿ ಅವುಗಳ ಚುರುಕನ್ನು ಬದಲಿಸುತ್ತದೆ. ಯಾವ ನೀರುಗಂಟಿ ಯಾವ ಗದ್ದೆಯನ್ನು ನೋಡಿಕೊಳ್ಳುತ್ತಾನೆ ಎಂದು ತಿಳಿಯುವ ನೇರ ದಾರಿ ಅವನನ್ನು ಒಂದು ದಿನ ತಡೆದು ನಿಲ್ಲಿಸಿ ಯಾವ ಗದ್ದೆ ಒಣಗಿತು ಎಂದು ನೋಡುವುದು. ರಾಸಾಯನಿಕ ಪ್ರತಿಬಂಧಕ ಮಾಡುವುದು ಇಷ್ಟನ್ನೇ.

ಮೊದಲು ಸಿಕ್ಕ ಹತಾರಗಳು ತೂಬನ್ನೇ ಮುಚ್ಚಿಬಿಡುವಂಥವು. 1940ರಲ್ಲಿ ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಮತ್ತು ಬಾಯ್ಡ್ ವುಡ್ರಫ್ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆಕ್ಟಿನೋಮೈಸಿನ್ ಬೇರ್ಪಡಿಸಿದರು. ಅದು ಡಿಎನ್‌ಎ ಎಳೆಯನ್ನೇ ಹಿಡಿದುಕೊಂಡು ನಕಲು ನಿಲ್ಲಿಸುತ್ತದೆ ಎಂಬುದು 1960ರ ದಶಕದ ಆರಂಭದಲ್ಲಿ ಗೊತ್ತಾಯಿತು. ಯುರೋಪಿನ ಕಾಡುಗಳ ಕೊಲೆಗಡುಕ ಅಣಬೆಯಲ್ಲಿರುವ ಆಲ್ಫಾ-ಅಮಾನಿಟಿನ್ ಇನ್ನೊಂದು. 1969ರಲ್ಲಿ ರಾಬರ್ಟ್ ರೋಡರ್ ಮತ್ತು ವಿಲಿಯಂ ರಟ್ಟರ್ ಪ್ರಾಣಿಕೋಶಗಳಲ್ಲಿ ನಕಲು ಮಾಡುವ ಕಿಣ್ವ ಒಂದಲ್ಲ, ಮೂರು ಎಂದು ತೋರಿಸಿದರು. ಅಮಾನಿಟಿನ್ ಅವುಗಳಲ್ಲಿ ಒಂದನ್ನು ತೀರಾ ಅಲ್ಪ ಪ್ರಮಾಣದಲ್ಲೇ ಕಟ್ಟಿಹಾಕುತ್ತದೆಂದು ತಿಳಿದ ಮೇಲೆ ವಿಷವೇ ವಿಂಗಡಣೆಯ ಸಾಧನವಾಯಿತು. ಆ ಅಣಬೆ ಹೆಸರಾದದ್ದು ಔಷಧವಾಗಿ ಅಲ್ಲ, ಆದರೂ ಅದಿಲ್ಲದೆ ಅಣುಜೀವಶಾಸ್ತ್ರದ ಒಂದು ಅಧ್ಯಾಯ ಬರೆಯುವಂತಿಲ್ಲ. ಈ ಕಸುಬಿನಲ್ಲಿ ಒಂದು ವಸ್ತುವಿನ ಬೆಲೆ ಅದು ಕಾಯಿಲೆ ವಾಸಿಮಾಡುತ್ತದೆಯೇ ಎಂಬುದರಿಂದ ಬರುವುದಿಲ್ಲ. ಅದು ಏನನ್ನು ನಿಲ್ಲಿಸುತ್ತದೆ, ಏನನ್ನು ನಿಲ್ಲಿಸದೆ ಬಿಡುತ್ತದೆ ಎಂಬುದರಿಂದ ಬರುತ್ತದೆ.

ಆದರೆ ಇವೆಲ್ಲ ಊರಿಗೆ ಊರನ್ನೇ ಬಾಯಾರಿಸುವ ಹತಾರಗಳು. ನಿರ್ದಿಷ್ಟ ವಂಶವಾಹಿಗೆ ಸೇರಿದ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರೊಂದನ್ನು ಪ್ರಾಣಿಕೋಶದಿಂದ ಮೊದಲ ಬಾರಿಗೆ ಶುದ್ಧೀಕರಿಸಿದ್ದು 1980ರಲ್ಲಿ, ಅದೂ ರೋಡರ್ ಪ್ರಯೋಗಾಲಯದಲ್ಲೇ. ಅವು ಒಂದೊಂದಾಗಿ ಗುರುತು ಸಿಕ್ಕಂತೆ ಒಂದೊಂದನ್ನೇ ತಡೆಯುವ ಆಸೆ ಹುಟ್ಟಿತು, ಆಸೆಗೆ ಅಡ್ಡಿಯೂ ಎದುರಾಯಿತು. ಕಿಣ್ವಗಳಿಗೆ ತಮ್ಮ ಕೆಲಸದ ವಸ್ತುವನ್ನು ಹಿಡಿದುಕೊಳ್ಳುವ ಆಳವಾದ ಗುಳಿ ಇರುತ್ತದೆ, ಚಿಕ್ಕ ಅಣುವೊಂದು ಅಲ್ಲಿ ಹೋಗಿ ಕೂರಬಹುದು. ಬಹುಪಾಲು ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರುಗಳಿಗೆ ಅಂಥ ಗುಳಿಯಿಲ್ಲ. ಅವು ಡಿಎನ್‌ಎಯನ್ನೋ ಇನ್ನೊಂದು ಪ್ರೋಟೀನನ್ನೋ ಅಗಲವಾದ ಮೈಯಿಂದ ತಬ್ಬಿಕೊಳ್ಳುತ್ತವೆ. ಹಾರ್ಮೋನ್ ಹಿಡಿಯುವ ಫ್ಯಾಕ್ಟರುಗಳಿಗೆ ಮಾತ್ರ ಹಾರ್ಮೋನಿಗೆಂದೇ ಗುಳಿ ಇದೆ. 1962ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ ತಯಾರಾದ ಟ್ಯಾಮೋಕ್ಸಿಫೆನ್ ಈಸ್ಟ್ರೋಜೆನ್ ಗ್ರಾಹಕದ ಆ ಗುಳಿಯಲ್ಲಿ ಕುಳಿತೇ ಸ್ತನ ಕ್ಯಾನ್ಸರಿನ ಔಷಧವಾದದ್ದು. ಉಳಿದವಕ್ಕೆ ಬಳಸುದಾರಿ ಬೇಕಾಯಿತು. ಆಸ್ಪಿರಿನ್ನಿನ ಬಂಧು ಸ್ಯಾಲಿಸಿಲೇಟ್ ಹೆಚ್ಚಿನ ಪ್ರಮಾಣದಲ್ಲಿ ಎನ್‌ಎಫ್-ಕಪ್ಪಾ-ಬಿ ಚುರುಕಾಗುವುದನ್ನು ತಡೆಯುತ್ತದೆ ಎಂದು 1994ರಲ್ಲಿ ವರದಿಯಾಯಿತು. ಮರುವರ್ಷ ಅಮೆರಿಕದ ಟೆಕ್ಸಾಸಿನಿಂದ ಕರ್ಕ್ಯುಮಿನ್, ಅಂದರೆ ಅರಿಶಿನದ ಹಳದಿ, ಅದೇ ಕೆಲಸ ಮಾಡುತ್ತದೆ ಎಂಬ ವರದಿ ಬಂತು. ಆ ಪ್ರಯೋಗಾಲಯದ ಹಲವು ಪ್ರಬಂಧಗಳನ್ನು ಮುಂದೆ ನಿಯತಕಾಲಿಕಗಳು ಹಿಂತೆಗೆದುಕೊಂಡವು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಬೆಂಗಳೂರಿಗೆ ಈ ಕಸುಬು ಏಕಾಏಕಿ ಬಂದಿಳಿಯಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗ 1921ರದು. 1980ರ ದಶಕದಲ್ಲಿ ಅಲ್ಲಿ ಜಿ. ಪದ್ಮನಾಭನ್ ಮತ್ತು ಅವರ ವಿದ್ಯಾರ್ಥಿಗಳು ಇಲಿಯ ಯಕೃತ್ತಿನಲ್ಲಿ ಸೈಟೋಕ್ರೋಮ್ ಪಿ-450 ವಂಶವಾಹಿ ನಕಲಾಗುವುದನ್ನು ನೋಡುತ್ತಿದ್ದರು. ರಕ್ತಕ್ಕೆ ಬಣ್ಣ ಕೊಡುವ ಹೀಮ್ ತಯಾರಾಗದಂತೆ ರಾಸಾಯನಿಕದಿಂದ ತಡೆದರೆ ಆ ವಂಶವಾಹಿಯ ನಕಲೂ ಕುಗ್ಗುತ್ತದೆ, ಹೀಮ್ ಮತ್ತೆ ಸಿಕ್ಕರೆ ಚೇತರಿಸಿಕೊಳ್ಳುತ್ತದೆ ಎಂದು ತೋರಿಸಿದರು. ತಡೆ, ಏನು ನಿಂತಿತು ನೋಡು, ಬಿಡು, ಏನು ಮರಳಿತು ನೋಡು: ಮುಂದೆ ಜಕ್ಕೂರಿನಲ್ಲಿ ನಡೆದದ್ದರ ತರ್ಕವೆಲ್ಲ ಇಲ್ಲೇ ಇದೆ. ಅದೇ ಸಂಸ್ಥೆಯಲ್ಲಿ ಮೈಸೂರಿನ ಎಂ.ಆರ್.ಎಸ್. ರಾವ್ ವೀರ್ಯಾಣು ಬೆಳೆಯುವಾಗ ಹಿಸ್ಟೋನುಗಳು ಜಾಗ ಬಿಟ್ಟುಕೊಡುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದರು. ಅವರ ಶಿಷ್ಯ ತಪಸ್ ಕುಂಡು ನ್ಯೂಯಾರ್ಕಿಗೆ ಹೋಗಿ ರೋಡರ್ ಪ್ರಯೋಗಾಲಯದಲ್ಲಿ ಪಳಗಿ ಬಂದು, 1989ರಲ್ಲಿ ಸ್ಥಾಪನೆಯಾಗಿದ್ದ, ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಸೇರಿದರು. ಜಕ್ಕೂರಿನ ಕೆಲಸಕ್ಕೆ ವಂಶಾವಳಿ ಹುಡುಕುವುದಾದರೆ ಅದು ಚರಕ ಸುಶ್ರುತರ ಕಡೆಗಿಂತ ಅಮಾನಿಟಿನ್ ಅಣಬೆಯ ಕಡೆಗೆ ಹೋಗುತ್ತದೆ. ಆ ಹೊತ್ತಿಗೆ ಕೊರತೆ ಏನೆಂಬುದೂ ಸ್ಪಷ್ಟವಿತ್ತು. ಹಿಸ್ಟೋನಿಗೆ ಅಸಿಟೈಲ್ ಅಂಟುವುದಕ್ಕೂ ನಕಲಿಗೂ ಸಂಬಂಧವಿದೆ ಎಂದು ವಿನ್ಸೆಂಟ್ ಆಲ್‌ಫ್ರಿ 1964ರಲ್ಲೇ ಊಹಿಸಿದ್ದರು. ಅದನ್ನು ಅಂಟಿಸುವ ಕಿಣ್ವಗಳ ಗುರುತು ಸಿಕ್ಕಿದ್ದು 1996ರಲ್ಲಿ, ಪಿ300 ಕೂಡ ಅದೇ ವರ್ಷ. 2000ದಲ್ಲಿ ಅಮೆರಿಕದಲ್ಲಿ ಲೈಸಿಲ್-ಕೋಎ ಎಂಬ ಪ್ರತಿಬಂಧಕ ತಯಾರಾಯಿತು. ಅದು ಪಿ300ನ್ನು ಚೆನ್ನಾಗಿಯೇ ಹಿಡಿಯುತ್ತಿತ್ತು, ಆದರೆ ಜೀವಕೋಶದ ಪೊರೆ ದಾಟುತ್ತಿರಲಿಲ್ಲ. ಪ್ರನಾಳದಲ್ಲಿ ಕೆಲಸ ಮಾಡಿ ಕೋಶದ ಬಾಗಿಲಲ್ಲಿ ನಿಂತುಬಿಡುವ ಹತಾರ ಅರ್ಧ ಹತಾರವಷ್ಟೇ.

ಜಕ್ಕೂರಿನವರು ಗಿಡಗಳ ಸಾರಗಳತ್ತ ತಿರುಗಿದ್ದು ಈ ಹಂತದಲ್ಲಿ. ಗಿಡದ ರಾಸಾಯನಿಕಗಳು ಲಕ್ಷಾಂತರ ವರ್ಷ ಇನ್ನೊಂದು ಜೀವಿಯ ಕಿಣ್ವಗಳ ಮೇಲೆ ಪ್ರಯೋಗವಾಗಿ ಸೋಸಿ ಉಳಿದವು, ಹುಡುಕಲು ಒಳ್ಳೆಯ ಜಾಗ. ಮೊದಲು ಕೈಗೆ ಹತ್ತಿದ್ದು ಗೋಡಂಬಿ ಸಿಪ್ಪೆಯ ಎಣ್ಣೆ. ಇದರ ಚರಿತ್ರೆಯನ್ನು ಸ್ವಲ್ಪ ನಿಂತು ನೋಡಬೇಕು. ಗೋಡಂಬಿ ಮರ ಈ ನೆಲದ್ದೇ ಅಲ್ಲ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ತಂದದ್ದು. ಇಪ್ಪತ್ತನೆಯ ಶತಮಾನದಲ್ಲಿ ಮಂಗಳೂರು ಗೋಡಂಬಿ ಕಾರ್ಖಾನೆಗಳ ಪಟ್ಟಣವಾಯಿತು. ಬೀಜದ ಗಡಸು ಸಿಪ್ಪೆಯೊಳಗಿನ ಎಣ್ಣೆ ಚರ್ಮ ಸುಡುತ್ತದೆ. ಬೀಜ ಒಡೆಯುವ ಹೆಂಗಸರ ಬೆರಳುಗಳು ಅದಕ್ಕೆ ಸಾಕ್ಷಿ, ಬೂದಿ ಹಚ್ಚಿಕೊಂಡು ಕೆಲಸಕ್ಕೆ ಕೂರುವುದು ಆ ಕಾರಣಕ್ಕೆ. ಬಯಲುಸೀಮೆಯ ಮಡಿವಾಳರು ಬಟ್ಟೆಗೆ ಅಳಿಸಲಾಗದ ಗುರುತು ಹಾಕಲು ಬಳಸುತ್ತಿದ್ದ ಗೇರುಕಾಯಿಯೂ ಇದೇ ಕುಟುಂಬದ್ದು, ಅದರ ಉರಿಯೂ ಇದೇ ಬಗೆಯದು. ಗೋಡಂಬಿ ಸಿಪ್ಪೆಯ ಎಣ್ಣೆ ಹೋದದ್ದು ಬಣ್ಣ, ವಾರ್ನಿಷ್, ವಾಹನದ ಬ್ರೇಕ್ ಲೈನಿಂಗಿಗೆ. ಅಂದರೆ ಇದು ಅಜ್ಜಿಯ ಮದ್ದಿನ ಡಬ್ಬಿಯಿಂದ ಬಂದದ್ದಲ್ಲ, ಕಾರ್ಖಾನೆಯ ಹಿಂಬದಿಯ ಪೀಪಾಯಿಯಿಂದ ಬಂದದ್ದು. ಸಿಪ್ಪೆಯನ್ನು ಹುರಿಯದೆ ತೆಗೆದ ಎಣ್ಣೆಯ ಬಹುಪಾಲು ಅನಾಕಾರ್ಡಿಕ್ ಆಮ್ಲ. ಹುರಿದರೆ ಅದು ಕಾರ್ಡನಾಲ್ ಆಗಿ ಮಾರ್ಪಡುತ್ತದೆ. ಅನಾಕಾರ್ಡಿಕ್ ಆಮ್ಲದ ತಲೆ ಸ್ಯಾಲಿಸಿಲಿಕ್ ಆಮ್ಲವೇ, ಅದಕ್ಕೆ ಹದಿನೈದು ಇಂಗಾಲದ ಉದ್ದನೆಯ ಬಾಲ ಅಂಟಿದೆ. 2003ರಲ್ಲಿ ಜಕ್ಕೂರಿನ ತಂಡ ಅಮೆರಿಕದ ಜೀವರಸಾಯನ ನಿಯತಕಾಲಿಕದಲ್ಲಿ ವರದಿ ಮಾಡಿದಂತೆ, ಈ ಆಮ್ಲ ಪಿ300 ಮತ್ತು ಪಿಸಿಎಎಫ್ ಎಂಬ ಎರಡು ಅಸಿಟೈಲ್ ಕಿಣ್ವಗಳನ್ನು ತಡೆಯಿತು. ಹೆಚ್ಚು ಮುಖ್ಯವಾದದ್ದು ಅದರ ಜೊತೆಗಿನ ಇನ್ನೊಂದು ಪ್ರಯೋಗ. ಬರಿಯ ಡಿಎನ್‌ಎ ಕೊಟ್ಟಾಗ ಅನಾಕಾರ್ಡಿಕ್ ಆಮ್ಲವಿದ್ದರೂ ನಕಲು ನಡೆಯಿತು. ಹಿಸ್ಟೋನಿಗೆ ಸುತ್ತಿದ ಕ್ರೊಮ್ಯಾಟಿನ್ ಕೊಟ್ಟಾಗ ನಿಂತಿತು. ಆಕ್ಟಿನೋಮೈಸಿನ್, ಅಮಾನಿಟಿನ್‌ಗಳು ಮಾಡಲಾರದ ವ್ಯತ್ಯಾಸ ಇದು. ತೂಬು ಸರಿಯಾಗಿದೆ, ನಿಂತಿರುವುದು ಹೂಳು ಬಿಡಿಸುವ ಆಳು ಎಂದು ಬೆರಳು ಮಾಡಿ ತೋರಿಸಬಲ್ಲ ಹತಾರ.

ಅದೇ ಪ್ರಬಂಧದಲ್ಲಿ ಇನ್ನೊಂದು ಸಂಗತಿ ಇತ್ತು, ಮನೆಮದ್ದಿನ ಓದಿಗೆ ಅದು ನುಂಗಲಾರದ ತುತ್ತು. ಅನಾಕಾರ್ಡಿಕ್ ಆಮ್ಲವನ್ನೇ ಮೂಲವಾಗಿಟ್ಟುಕೊಂಡು, ತಲೆಯ ಭಾಗವನ್ನು ಸ್ವಲ್ಪ ಬದಲಿಸಿ ಸಿಟಿಪಿಬಿ ಎಂಬ ಅಣುವನ್ನು ತಂಡ ತಯಾರಿಸಿತು. ಅದು ಪಿ300ನ್ನು ತಡೆಯುವ ಬದಲು ಚುರುಕುಗೊಳಿಸಿತು. ಒಂದೇ ಸಿಪ್ಪೆಯ ಎಣ್ಣೆಯಿಂದ ನಿಲ್ಲಿಸುವ ಅಣುವೂ ಹುಟ್ಟಿತು, ಎಬ್ಬಿಸುವ ಅಣುವೂ ಹುಟ್ಟಿತು. ಗಿಡಕ್ಕೆ ಒಂದು ಗುಣವಿದೆ, ವಿಜ್ಞಾನ ಅದನ್ನು ಕಂಡುಹಿಡಿಯಿತು ಎನ್ನುವವರು ಈ ಜೋಡಿಯಲ್ಲಿ ಗೋಡಂಬಿಯ ಗುಣ ಯಾವುದು ಎಂದು ಹೇಳಬೇಕಾಗುತ್ತದೆ.

ಅನಾಕಾರ್ಡಿಕ್ ಆಮ್ಲಕ್ಕೂ ಕೋಶದ ಪೊರೆ ದಾಟುವುದು ಸುಲಭವಿರಲಿಲ್ಲ. 2004ರ ಮುರುಗಲು ಪ್ರಬಂಧ ಆ ಕೊರತೆಗೆ ಉತ್ತರ. ಉತ್ತರ ಕನ್ನಡದಲ್ಲಿ ಮುರುಗಲು, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ ಎನ್ನುವ ಈ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಸಾರಿಗೆ ಹುಳಿಯಾಗಿ, ಬೇಸಗೆಯಲ್ಲಿ ಪಾನಕವಾಗಿ ಬಳಸುತ್ತಾರೆ. ಬೀಜದಿಂದ ತೆಗೆದ ತುಪ್ಪವನ್ನು ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಕೋಶದೊಳಗೆ ಹೊಕ್ಕು ಪಿ300, ಪಿಸಿಎಎಫ್ ಎರಡನ್ನೂ ಕೆಲವೇ ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ ತಡೆಯಿತು, ಹೀಲಾ ಎಂಬ ಕ್ಯಾನ್ಸರ್ ಕೋಶಗಳಲ್ಲಿ ನೂರಾರು ವಂಶವಾಹಿಗಳ ಏರಿಳಿತವನ್ನೇ ಬದಲಿಸಿ ಅವನ್ನು ಸಾವಿನ ದಾರಿಗೆ ಹಚ್ಚಿತು. ಒಳ್ಳೆಯ ಸುದ್ದಿಯಂತೆ ಕೇಳುತ್ತದೆ. ಆದರೆ ಹತಾರದ ದೃಷ್ಟಿಯಿಂದ ಅದು ದೋಷ. ಎರಡು ಕಿಣ್ವಗಳನ್ನು ಒಟ್ಟಿಗೆ ನಿಲ್ಲಿಸಿದರೆ ಫಲಿತಾಂಶ ಯಾವುದರದು ಎಂದು ಹೇಳುವುದು ಹೇಗೆ? ಹೀಗಾಗಿ 2007ರಲ್ಲಿ ಅದೇ ತಂಡ ಗಾರ್ಸಿನಾಲಿನ ರಚನೆಯನ್ನು ತಿದ್ದಿ ಎಲ್‌ಟಿಕೆ-14 ಎಂಬ ಅಣುವನ್ನು ಮಾಡಿತು. ಅದು ಪಿ300ನ್ನು ಮಾತ್ರ ಹಿಡಿಯುತ್ತದೆ, ಆರೋಗ್ಯವಂತ ಟಿ ಕೋಶಗಳಿಗೆ ವಿಷವಾಗುವುದಿಲ್ಲ, ಆ ಕೋಶಗಳಲ್ಲಿ ಎಚ್‌ಐವಿ ವೈರಸ್ಸು ಹೆಚ್ಚುವುದನ್ನು ಕುಗ್ಗಿಸುತ್ತದೆ ಎಂದು ತೋರಿಸಿತು. ವೈರಸ್ಸು ತನ್ನ ವಂಶವಾಹಿಗಳನ್ನು ನಕಲು ಮಾಡಿಸಿಕೊಳ್ಳಲು ಕೋಶದ ಪಿ300ನ್ನು ಎರವಲು ಪಡೆಯುತ್ತದೆ ಎಂಬ ಅರಿವಿಗೆ ಇದು ಬಲ ಕೊಟ್ಟಿತು. ಪಿತ್ತ ಶಮನ, ಬಾಯಾರಿಕೆ, ಅಜೀರ್ಣ ಎಂದು ಜನ ಮುರುಗಲಿಗೆ ಹೇಳುವ ಗುಣಗಳಿಗೂ ಇದಕ್ಕೂ ಎಳೆದರೂ ನಂಟು ಸಿಗುವುದಿಲ್ಲ. ಜನರ ಮಾತು ಸುಳ್ಳೆಂದು ಇದರ ಅರ್ಥವಲ್ಲ, ಅದರ ಪರೀಕ್ಷೆ ಇಲ್ಲಿ ನಡೆಯಲೇ ಇಲ್ಲ.

ಅರಿಶಿನದ ವಿಚಾರಕ್ಕೆ ಬಂದಾಗ ಮಾತ್ರ ಎದುರುವಾದ ಗಟ್ಟಿಯಾಗುತ್ತದೆ. ಗಾಯಕ್ಕೆ ಅರಿಶಿನ ಹಚ್ಚುವುದು ನಮ್ಮಲ್ಲಿ ಎಷ್ಟು ಹಳೆಯ ರೂಢಿಯೆಂದರೆ, ಅದಕ್ಕೇ 1995ರಲ್ಲಿ ಅಮೆರಿಕದಲ್ಲಿ ಕೊಟ್ಟ ಪೇಟೆಂಟನ್ನು ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳ ಸಾಕ್ಷಿಯಿಟ್ಟು ಪ್ರಶ್ನಿಸಿ 1997ರಲ್ಲಿ ರದ್ದು ಮಾಡಿಸಿತು. 2004ರಲ್ಲೇ ಜಕ್ಕೂರಿನ ತಂಡ ಕರ್ಕ್ಯುಮಿನ್ ಪಿ300 ಮತ್ತು ಅದರ ಸೋದರ ಸಿಬಿಪಿಯನ್ನು ತಡೆಯುತ್ತದೆ, ಪಿಸಿಎಎಫ್ ಅನ್ನು ಮುಟ್ಟುವುದಿಲ್ಲ ಎಂದು ವರದಿ ಮಾಡಿತು. 2008ರಲ್ಲಿ ಜಪಾನಿನ ಸಂಶೋಧಕರು ಇಲಿಗಳಿಗೆ ಕರ್ಕ್ಯುಮಿನ್ ಕೊಟ್ಟು, ಹೃದಯ ದಪ್ಪಗಾಗುವಾಗ ಪಿ300 ಮತ್ತು ಗಾಟಾ-4 ಎಂಬ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರು ಸೇರಿ ಮಾಡುವ ಕೆಡುಕು ತಗ್ಗಿದೆ, ಹೃದಯ ವೈಫಲ್ಯ ತಪ್ಪಿದೆ ಎಂದರು. ಇಷ್ಟಾದ ಮೇಲೂ ಇದು ಮದ್ದಿನ ಕಥೆಯಲ್ಲ ಎನ್ನುವುದು ಹಟವಲ್ಲವೇ? ಲೆಕ್ಕ ಹಾಕಿ ನೋಡೋಣ. ಪ್ರನಾಳದಲ್ಲಿ ಪಿ300ನ್ನು ಅರ್ಧಕ್ಕೆ ಇಳಿಸಲು ಬೇಕಾದದ್ದು ಸುಮಾರು 25 ಮೈಕ್ರೋಮೋಲಾರ್ ಕರ್ಕ್ಯುಮಿನ್. 2001ರಲ್ಲಿ ಪ್ರಕಟವಾದ ಮಾನವ ಪ್ರಯೋಗವೊಂದರಲ್ಲಿ ದಿನಕ್ಕೆ 8 ಗ್ರಾಂ ಶುದ್ಧ ಕರ್ಕ್ಯುಮಿನ್ ನುಂಗಿಸಿದಾಗ ರಕ್ತದಲ್ಲಿ ಕಂಡದ್ದು ಹೆಚ್ಚೆಂದರೆ 2 ಮೈಕ್ರೋಮೋಲಾರಿಗಿಂತ ಕಡಿಮೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲಿನಷ್ಟು ಎಂದಿಟ್ಟುಕೊಂಡರೆ ಆ 8 ಗ್ರಾಂಗೆ ಕಾಲು ಕಿಲೋಗೂ ಮೀರಿ ಅರಿಶಿನ ತಿನ್ನಬೇಕು, ಅಷ್ಟು ತಿಂದರೂ ಬೇಕಾದುದರ ಹತ್ತರಲ್ಲಿ ಒಂದು ಪಾಲೂ ರಕ್ತಕ್ಕೆ ತಲುಪುವುದಿಲ್ಲ. ಹಾಲಿಗೆ ಹಾಕುವ ಚಿಟಿಕೆ ಎಲ್ಲಿ, ಇದೆಲ್ಲಿ? 2017ರಲ್ಲಿ ಔಷಧ ರಸಾಯನ ತಜ್ಞರು ನೂರಿಪ್ಪತ್ತಕ್ಕೂ ಹೆಚ್ಚು ಚಿಕಿತ್ಸಾ ಪ್ರಯೋಗಗಳ ಹಿನ್ನೆಲೆಯಲ್ಲಿ ಬರೆದ ವಿಮರ್ಶೆ ಇನ್ನೂ ಖಾರವಾಗಿತ್ತು: ಕರ್ಕ್ಯುಮಿನ್ ಅಸ್ಥಿರ ಅಣು, ಕಂಡದ್ದರ ಜೊತೆಗೆಲ್ಲ ವರ್ತಿಸುತ್ತದೆ, ದೇಹಕ್ಕೆ ಹತ್ತುವುದಿಲ್ಲ, ರೋಗಿಗೂ ವೈದ್ಯನಿಗೂ ಗೊತ್ತಿಲ್ಲದಂತೆ ಮಾಡಿದ ಕಟ್ಟುನಿಟ್ಟಿನ ಪರೀಕ್ಷೆಗಳಲ್ಲಿ ಗೆದ್ದಿಲ್ಲ. ಗಾಯದ ಮೇಲೆ ನೇರವಾಗಿ ಹಚ್ಚುವ ಅರಿಶಿನದ ಮಾತು ಬೇರೆ. ಅಲ್ಲಿ ಸಾಂದ್ರತೆಯೂ ಬೇರೆ, ಕಾರಣವೂ ಬೇರೆ ಇರಬಹುದು, ಪಿ300ನ್ನು ಅದಕ್ಕೆ ಸಾಕ್ಷಿ ಕರೆಯುವಂತಿಲ್ಲ.

ಒಂದು ಕಡೆ ನಾನು ಪಟ್ಟು ಸಡಿಲಿಸಬೇಕು, ಅದು ಚಿತ್ರಮೂಲದಲ್ಲಿ. ಬೇರು ಅರೆದು ಹಚ್ಚಿದರೆ ಚರ್ಮ ಬೊಬ್ಬೆ ಏಳುತ್ತದೆ, ಬಸುರಿಯರಿಗೆ ಕೊಡಬಾರದು ಎಂಬುದು ನಾಟಿ ವೈದ್ಯರಿಗೆ ಗೊತ್ತು. ಆಯುರ್ವೇದದಲ್ಲಿ ಸುಣ್ಣದ ತಿಳಿನೀರಿನಲ್ಲಿ ನೆನೆಹಾಕಿ ಶೋಧನೆ ಮಾಡಿದ ಮೇಲೆಯೇ ಬೇರಿನ ಬಳಕೆ. ಬೇರಿನ ಪ್ಲಂಬಾಜಿನ್ ಪಿ300ನ್ನು ತಡೆಯುತ್ತದೆ ಎಂದು 2009ರಲ್ಲಿ ಜಕ್ಕೂರಿನಿಂದ ವರದಿಯಾಯಿತು. ಅದು ವಿಷಕಾರಿ ಎಂಬುದೂ ಜೊತೆಗೇ ಬಂತು: ಅಣುವಿನ ಒಂದು ಭಾಗ ಪ್ರೋಟೀನುಗಳ ಗಂಧಕದ ತುದಿಗಳಿಗೆ ಗುರಿಯಿಲ್ಲದೆ ಅಂಟಿಕೊಳ್ಳುತ್ತದೆ. 2014ರಲ್ಲಿ ಆ ಅಂಟುವ ಗುಣವನ್ನು ತಗ್ಗಿಸಿ, ಪಿ300ನ್ನು ತಡೆಯುವ ಗುಣ ಉಳಿಸಿಕೊಂಡ ಹೊಸ ಅಣುವನ್ನು ಅವರು ರೂಪಿಸಿದರು. ಬೇರಿನ ಉಗ್ರತೆಯನ್ನು ಪಳಗಿಸಿಕೊಳ್ಳಬೇಕು ಎಂಬ ಮಟ್ಟಿಗೆ ಹಳಬರೂ ಹೊಸಬರೂ ಒಂದೇ ಕಡೆ ನಿಂತಿದ್ದಾರೆ. ಹಳೆಯ ವೈದ್ಯದಿಂದ ಪ್ರಯೋಗಾಲಯಕ್ಕೆ ನಿಜವಾಗಿ ದಾಟಬಹುದಾದ ತಿಳಿವು ಎಂದರೆ ಇಂಥ ಎಚ್ಚರಿಕೆಯೇ. ಅದನ್ನು ಯಾರೂ ಹೆಮ್ಮೆಯಿಂದ ಸಾರುವುದಿಲ್ಲ.

ಇನ್ನು ವಿಜ್ಞಾನಿಗಳ ಕಡೆಯಿಂದಲೇ ಬರುವ ಆಕ್ಷೇಪ. ಹತಾರ ಎನ್ನುತ್ತೀರಲ್ಲ, ಇವು ಒಳ್ಳೆಯ ಹತಾರಗಳೇ? 2017ರಲ್ಲಿ ಅಮೆರಿಕದ ತಂಡವೊಂದು ಅಸಿಟೈಲ್ ಕಿಣ್ವಗಳಿಗೆ ಹೆಸರಾದ ಇಪ್ಪತ್ತಕ್ಕೂ ಹೆಚ್ಚು ಪ್ರತಿಬಂಧಕಗಳನ್ನು ಒಂದೇ ಸಾಲಿನಲ್ಲಿಟ್ಟು ಪರೀಕ್ಷಿಸಿತು. ಬಹುಪಾಲು ಅಣುಗಳು ಕಿಣ್ವದ ಬದಲು ಪರೀಕ್ಷೆಯ ವಿಧಾನವನ್ನೇ ಕದಡುತ್ತವೆ ಅಥವಾ ಗುರಿ ತಪ್ಪಿ ಬೇರೆ ಪ್ರೋಟೀನುಗಳಿಗೆ ಅಂಟುತ್ತವೆ ಎಂದು ಎಚ್ಚರಿಸಿತು. ಗಿಡಮೂಲದ ಅಣುಗಳಿಗೆ ಅದು ಹೆಚ್ಚು ಕಟುವಾಗಿಯೇ ಅನ್ವಯಿಸುತ್ತದೆ. ಅದೇ ವರ್ಷ ಪಿ300 ಮತ್ತು ಸಿಬಿಪಿಗಳನ್ನು ಅವುಗಳಿಗಿಂತ ಸುಮಾರು ಸಾವಿರ ಪಾಲು ಕಡಿಮೆ ಸಾಂದ್ರತೆಯಲ್ಲೇ ಹಿಡಿಯುವ ಎ-485 ಎಂಬ ಕೃತಕ ಅಣು ಬಂತು. ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಅನಾಕಾರ್ಡಿಕ್ ಆಮ್ಲವನ್ನೋ ಕರ್ಕ್ಯುಮಿನ್ನನ್ನೋ ಒಂದನ್ನೇ ನಂಬಿ ಇದು ಪಿ300ನ ಕೆಲಸ ಎಂದು ಬರೆದ ಪ್ರಬಂಧಗಳಿದ್ದರೆ ಅವನ್ನು ಹೊಸ ಅಣುಗಳಿಂದ ಮತ್ತೆ ನೋಡಲೇಬೇಕು. ಆದರೆ ಈ ಟೀಕೆ ನನ್ನ ವಾದವನ್ನು ಕೆಡಿಸುವುದಿಲ್ಲ, ಗಟ್ಟಿಮಾಡುತ್ತದೆ. ಹತಾರಕ್ಕೆ ತಲೆಮಾರುಗಳಿರುತ್ತವೆ, ಮೊದಲನೆಯದು ಮೊಂಡಾಗಿರುತ್ತದೆ. 2003ರಲ್ಲಿ ಕೋಶದೊಳಗೆ ಪಿ300ನ್ನು ತಡೆಯುವುದು ಸಾಧ್ಯ ಎಂಬುದೇ ತೀರ್ಮಾನವಾಗಿರಲಿಲ್ಲ. ಮದ್ದಾಗಿದ್ದರೆ ಕೆಟ್ಟ ಮದ್ದೆಂದು ಮೂಲೆಗೆ ಸೇರಬೇಕಿದ್ದ ಅಣುಗಳು ಮೊದಲ ತಲೆಮಾರಿನ ಹತಾರಗಳಾಗಿ ಗೌರವ ಉಳಿಸಿಕೊಂಡಿವೆ.

ಹೀಗೆ ಕೊಳೆ ಹತ್ತಿದ ಅಣುಗಳ ಬದಲು ವಂಶವಾಹಿಯನ್ನೇ ಕತ್ತರಿಸಿ ತೆಗೆಯಬಾರದೇ ಎಂದು ಕೇಳುವವರೂ ಇದ್ದಾರೆ. ಕತ್ತರಿಸಬಹುದು. ಪಿ300 ವಂಶವಾಹಿ ಇಲ್ಲದ ಇಲಿಮರಿ ಹುಟ್ಟುವ ಮೊದಲೇ ಗರ್ಭದಲ್ಲಿ ಸಾಯುತ್ತದೆ ಎಂದು 1998ರಲ್ಲಿ ಗೊತ್ತಾದದ್ದು ಹಾಗೆ ಕತ್ತರಿಸಿಯೇ. ಆದರೆ ಪಿ300 ಬರಿಯ ಕಿಣ್ವವಲ್ಲ. ಹತ್ತಾರು ಪ್ರೋಟೀನುಗಳು ಒಂದೆಡೆ ಸೇರಲು ಆಸರೆಯಾಗಿಯೂ ನಿಲ್ಲುತ್ತದೆ. ವಂಶವಾಹಿಯನ್ನು ತೆಗೆದರೆ ಆಸರೆಯೂ ಹೋಗುತ್ತದೆ, ಅಸಿಟೈಲ್ ಅಂಟಿಸುವ ಕೆಲಸವೂ ಹೋಗುತ್ತದೆ, ಯಾವುದರಿಂದ ಏನಾಯಿತು ಎಂದು ಬಿಡಿಸಲಾಗದು. ಪ್ರತಿಬಂಧಕ ಆಸರೆಯನ್ನು ಹಾಗೇ ಬಿಟ್ಟು ಕೆಲಸವನ್ನಷ್ಟೇ ನಿಲ್ಲಿಸುತ್ತದೆ, ಕೆಲವೇ ನಿಮಿಷಗಳಲ್ಲಿ ನಿಲ್ಲಿಸುತ್ತದೆ, ತೊಳೆದುಬಿಟ್ಟರೆ ಕೆಲಸ ಮರಳುತ್ತದೆ. ಪದ್ಮನಾಭನ್ ಅವರ ಇಲಿಗಳಲ್ಲಿ ಹೀಮ್ ಕೊಟ್ಟಾಗ ನಕಲು ಮರಳಿದ್ದು ಇದೇ ಬಗೆಯ ಪುರಾವೆ. ಕತ್ತರಿಸಿದ ವಂಶವಾಹಿಯಿಂದ ಇಂಥ ಪುರಾವೆ ಸುಲಭವಾಗಿ ಸಿಗುವುದಿಲ್ಲ.

ಕಡೆಯದಾಗಿ ಬೆಳೆಗಾರರ ಮಾತು. ಗಿಡ ನಮ್ಮದಾದರೆ ಲಾಭವೂ ನಮಗೆ ಬರಬೇಕು, ಇದು ಹತಾರದ ಚರಿತ್ರೆ ಎಂದು ಗಿಡವನ್ನು ಹಿಂದೆ ಸರಿಸಿದರೆ ರೈತನ ಪಾಲನ್ನೂ ಸರಿಸಿದಂತಾಗುತ್ತದೆ ಎಂಬ ಆತಂಕ. ಆತಂಕ ನ್ಯಾಯವಾದದ್ದೇ, ಆದರೆ ಪ್ರಮಾಣ ನೋಡಬೇಕು. ಗಾರ್ಸಿನಾಲ್, ಅನಾಕಾರ್ಡಿಕ್ ಆಮ್ಲ ಎರಡೂ ಇಂದು ಪ್ರಪಂಚದ ರಾಸಾಯನಿಕ ಮಾರಾಟಗಾರರ ಪಟ್ಟಿಯಲ್ಲಿವೆ. ಮಾರಾಟವಾಗುವುದು ಮಿಲಿಗ್ರಾಂ ಲೆಕ್ಕದಲ್ಲಿ. ಒಂದು ಬುಟ್ಟಿ ಮುರುಗಲು ಸಿಪ್ಪೆ ಎಷ್ಟೋ ಪ್ರಯೋಗಾಲಯಗಳಿಗೆ ಸಾಕು. ಗೋಡಂಬಿ ಸಿಪ್ಪೆಯ ಎಣ್ಣೆಗೆ ಬೆಲೆ ಕಟ್ಟುವುದು ಇಂದಿಗೂ ಬಣ್ಣ ಮತ್ತು ಬ್ರೇಕ್ ಲೈನಿಂಗಿನ ಗಿರಾಕಿಗಳೇ. ಮೇಲಾಗಿ ಹತಾರ ಹರಿತವಾದಷ್ಟೂ ಗಿಡದ ಅಗತ್ಯ ಕರಗುತ್ತದೆ. ಸಿಟಿಪಿಬಿಯಿಂದ ಮುಂದೆ ಸಾಗಿದ ಜಕ್ಕೂರಿನವರು ಆ ಹದಿನೈದು ಇಂಗಾಲದ ಬಾಲವನ್ನೂ ಕತ್ತರಿಸಿ ಟಿಟಿಕೆ-21 ಎಂಬ ಚಿಕ್ಕ ಅಣುವನ್ನು ಮಾಡಿದರು. ಕೋಶದೊಳಗೆ ಹೋಗಲು ಅದನ್ನು ಗ್ಲೂಕೋಸಿನಿಂದ ತಯಾರಿಸಿದ ಇಂಗಾಲದ ಅತಿಸೂಕ್ಷ್ಮ ಗುಂಡುಗಳಿಗೆ ಕಟ್ಟಿದರು. ಈ ಗುಂಡುಗಳು ರಕ್ತದಿಂದ ಮಿದುಳಿಗೂ ದಾಟುತ್ತವೆ. 2013ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬುರ್ಗಿನವರ ಜೊತೆ ಇಲಿಗಳಲ್ಲಿ ಮಾಡಿದ ಪ್ರಯೋಗದಲ್ಲಿ ಹೊಸ ನರಕೋಶಗಳ ಬೆಳವಣಿಗೆ ಹೆಚ್ಚಿತು, ನೆನಪು ಹೆಚ್ಚು ದಿನ ಉಳಿಯಿತು. 2019ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡದ ಪ್ರಬಂಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಪ್ರಾಣಿಗಳು ಇದೇ ಅಣುವಿನಿಂದ ಭಾಗಶಃ ಚೇತರಿಸಿಕೊಂಡದ್ದು ವರದಿಯಾಯಿತು. ಮುಂದೆ ಎಂದಾದರೂ ಇದರಿಂದ ಮದ್ದು ಹುಟ್ಟಿದರೆ ಅದು ತಡೆಯುವ ಅಣುವಲ್ಲ, ಎಬ್ಬಿಸುವ ಅಣು. ಅದರಲ್ಲಿ ಗೋಡಂಬಿ ಸಿಪ್ಪೆಯಿಂದ ಬಂದ ಒಂದು ಪರಮಾಣುವೂ ಇರಬೇಕಾಗಿಲ್ಲ, ಪ್ರಯೋಗಾಲಯದಲ್ಲಿ ಮೊದಲಿನಿಂದ ಕಡೆಯವರೆಗೆ ಕೂಡಿಸಿದ್ದು ಅದು.